ಎರಡು ಹಿತ್ತಾಳೆ ಉಂಗುರ, ಮೂರು ಊರು

ಕಳೆದ ಜುಲೈನಲ್ಲಿ ನಮ್ಮ ಅಜ್ಜಿ ಕಿವಿಯ ಔಷಧವನ್ನು ಕಣ್ಣಿಗೆ ಹಾಕಿಕೊಂಡಳು. ತಪ್ಪು ನನ್ನದು.

ಅಜ್ಜಿಗೆ ಗ್ಲಾಕೋಮಾ. ಪಕ್ಕದ ನೋಟ ಹೋಗಿ, ಈಗ ಕೊಳವೆಯಲ್ಲಿ ಇಣುಕಿದ ಹಾಗೆ ಎದುರಿಗಿರುವುದು ಅಷ್ಟಿಷ್ಟು ಕಾಣುತ್ತದೆ. ಆದರೂ ಊರಿನ ಮನೆಯಲ್ಲಿ ಅವಳು ಓಡಾಡುವುದನ್ನು ನೋಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ನಡುಮನೆಯ ಕಂಬಕ್ಕೆ ಕೈ ತಾಗಿಸಿ ಬಲಕ್ಕೆ ತಿರುಗಿದರೆ ಅಡುಗೆಮನೆ, ನಾಲ್ಕು ಹೆಜ್ಜೆ ಮುಂದೆ ಹೋದರೆ ತೇಗದ ಬೀರು. ಬೀರುವಿನೊಳಗೆ ನಾಲ್ಕು ಡ್ರಾ. ಒಂದೊಂದಕ್ಕೂ ಒಂದು ಹಿತ್ತಾಳೆ ಉಂಗುರದ ಹಿಡಿಕೆ. ಮೊದಲನೆಯದು ಸಡಿಲ, ಮುಟ್ಟಿದರೆ ಕಿಣಿ ಅನ್ನುತ್ತದೆ. ಎರಡನೆಯದು ಸೊಟ್ಟ. ಮೂರನೆಯದು ಬಿಗಿ, ಎತ್ತಲು ಉಗುರು ಹಾಕಬೇಕು. ನಾಲ್ಕನೆಯದರ ಹಿಂದಿನ ತಗಡಿನ ಒಂದು ಮೂಲೆ ಮುರಿದಿದೆ. ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಬೆರಳಿಗೆ ಗೊತ್ತಿದ್ದದ್ದನ್ನು ಅಜ್ಜಿ ಯಾಕೆ ಹೇಳುತ್ತಾಳೆ?

ಮೇ ತಿಂಗಳಲ್ಲಿ ಮನೆಗೆ ಪೇಂಟ್ ಮಾಡಿಸಿದೆವು. ನಾನು ಬೆಂಗಳೂರಿನಿಂದ ಉತ್ಸಾಹದಲ್ಲಿ ನಾಲ್ಕು ಹೊಸ ಹಿಡಿಕೆ ಆನ್‌ಲೈನ್‌ನಲ್ಲಿ ತರಿಸಿಕೊಂಡು ಹೋಗಿ, ಕರಿ ಬಣ್ಣದ, ಸಪೂರವಾದ, ನಾಲ್ಕೂ ಒಂದೇ ಥರದವನ್ನು, ನಾನೇ ಕೂತು ಹಾಕಿದೆ. ಫೋಟೋ ತೆಗೆದು ಸ್ಟೇಟಸ್ಸೂ ಹಾಕಿಕೊಂಡೆ. 46 ಜನ ನೋಡಿದ್ದರು. ಎರಡು ತಿಂಗಳಿಗೆ ಅಜ್ಜಿ ಮೂರನೇ ಡ್ರಾ ಅಂದುಕೊಂಡು ಎರಡನೆಯದನ್ನು ತೆಗೆದಳು. ಉರಿ ತಡೆಯಲಾರದೆ ಕೂಗಿಕೊಂಡಾಗ ಅಮ್ಮ ಓಡಿಬಂದು ಹದಿನೈದು ನಿಮಿಷ ನೀರು ಹಾಕಿ ತೊಳೆದಳು. ಕಣ್ಣಿಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದ ಮೇಲೇ ಅಮ್ಮ ನನಗೆ ಫೋನ್ ಮಾಡಿದ್ದು.

ಔಷಧದ ಸಮಸ್ಯೆಗೆ ಪರಿಹಾರ ಐದು ನಿಮಿಷದ್ದು. ಕಣ್ಣಿನ ಬಾಟಲಿಗೆ ಅಮ್ಮ ರಬ್ಬರ್ ಬ್ಯಾಂಡ್ ಸುತ್ತಿದಳು, ಮುಗಿಯಿತು. ಆದರೆ ಅಲ್ಲಿಂದಾಚೆ ಅಜ್ಜಿ ಬೀರುವಿಗೆ ಕೈ ಹಾಕುವುದನ್ನೇ ಬಿಟ್ಟಳು. ಕುಂಕುಮ ಬೇಕಾದರೂ, ಎಲೆಡಿಕೆ ಚೀಲ ಬೇಕಾದರೂ ಅಮ್ಮನನ್ನು ಕೂಗುವುದು. ಅಮ್ಮ ಹೊಲದ ಕಡೆ ಹೋಗಿದ್ದರೆ ಸುಮ್ಮನೆ ಕೂರುವುದು. 60 ವರ್ಷ ಆ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದವಳು ಅದನ್ನು ತೆಗೆದು ಅಮ್ಮನ ಕೈಗೆ ಕೊಟ್ಟಳಂತೆ. ಅದನ್ನು ಕೇಳಿದ ಮೇಲೆ ನನಗೆ ಬೆಳ್ಳಂದೂರಿನಲ್ಲಿ ಕೂತು ಕೋಡ್ ಬರೆಯಲು ಆಗಲಿಲ್ಲ. ಶುಕ್ರವಾರ ರಾತ್ರಿ ರೈಲು ಹತ್ತಿದೆ.

ಕೊಕ್ಕನೂರು ಗೊತ್ತಿಲ್ಲದವರಿಗೆ: ಹರಿಹರದಿಂದ ಶಿವಮೊಗ್ಗ ರಸ್ತೆ ಹಿಡಿದರೆ ಮಲೇಬೆನ್ನೂರು ಸಿಗುತ್ತದೆ. ಅದರ ಸಮೀಪದ ಊರು ನಮ್ಮದು. ಸುತ್ತಮುತ್ತಲಿನವರಿಗೆ ಆಂಜನೇಯನ ಗುಡಿಯಿಂದ ಪರಿಚಯ. ರೈಲು ಹರಿಹರದಲ್ಲಿ ಇಳಿಸುವಾಗ ಇನ್ನೂ ಕತ್ತಲು. ಬಸ್ಸಿನಲ್ಲಿ ಕೂತು ಬೆಳಕು ಹರಿಯುವ ಹೊತ್ತಿಗೆ ಎರಡೂ ಕಡೆ ಗದ್ದೆ. ಭದ್ರಾ ಕಾಲುವೆ ನೀರಿನ ಗದ್ದೆ. ಈಚೆಗೆ ನಡುನಡುವೆ ಅಡಿಕೆ ಸಸಿಗಳೂ ಎದ್ದಿವೆ. ಕಾಲುವೆ ಬಂದ ಮೇಲೆ ಭತ್ತ ಮಾರಿದ ಮೊದಲ ದುಡ್ಡಿನಲ್ಲಿ ತಾತ ಆ ಬೀರು ಮಾಡಿಸಿದ್ದು ಅಂತ ಅಜ್ಜಿ ಹೇಳುತ್ತಾಳೆ. ಬಡಗಿ ನಮ್ಮ ಹಟ್ಟಿಯಲ್ಲೇ ತಿಂಗಳು ಉಳಿದು ಮಾಡಿದನಂತೆ. ಹಿತ್ತಾಳೆ ಸಾಮಾನು ಮಾತ್ರ ದಾವಣಗೆರೆಯಿಂದ ಬಂದದ್ದು.

ಹಳೇ ಹಿಡಿಕೆಗಳನ್ನು ನಾನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಅಟ್ಟದ ಮೇಲಿಟ್ಟಿದ್ದೆ. ಹೋಗಿ ನೋಡಿದರೆ ಕವರು ಹರಿದಿದೆ, ಒಳಗೆ ಎರಡೇ ಇವೆ. ಉಳಿದೆರಡು ಹಳೇ ಪೇಪರ್ ಕಟ್ಟಿನ ಜೊತೆ ಗುಜರಿ ಗಾಡಿಯವನ ಪಾಲಾಗಿದ್ದವು. ಇದ್ದದ್ದು ಮೊದಲನೆಯದು ಮತ್ತು ನಾಲ್ಕನೆಯದು. ಅಂದರೆ ಔಷಧದ ಡ್ರಾಗಳ ಉಂಗುರಗಳೇ ಇಲ್ಲ. ಸಾಲದ್ದಕ್ಕೆ ಬೀರುವಿನ ಎಡಬಾಗಿಲಿನ ಮೇಲಿನ ಬಿಜಾಗರಿಯೂ ಮುರಿದು, ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಪೇಂಟ್ ಮಾಡುವವರು ಬಾಗಿಲಿಗೆ ಜೋತುಬಿದ್ದಿರಬೇಕು, ಯಾರೂ ಒಪ್ಪಿಕೊಳ್ಳಲಿಲ್ಲ.

ಮಲೇಬೆನ್ನೂರಿನ ಗುಜರಿಯಲ್ಲಿ ಕೇಳಿದೆ. ಮೇ ತಿಂಗಳ ಹಿತ್ತಾಳೆ ಈಗ ಎಲ್ಲಿರುತ್ತದೆ? "ಅದು ಕರಗಿ ನಲ್ಲಿ ಆಗಿರ್ತೈತಿ ಬಿಡು" ಅಂದ ಅಂಗಡಿಯವ. ದಾವಣಗೆರೆಗೆ ಹೋಗು, ಹಳೇ ಮನೆ ಕೆಡವಿದ ಮಾಲು ಅಲ್ಲಿ ಬರುತ್ತೆ ಅಂತ ದಾರಿ ತೋರಿಸಿದ.

ದಾವಣಗೆರೆ ನಾನು ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ಊರು. 1997ರಲ್ಲಿ ಜಿಲ್ಲೆಯಾಗುವ ಮೊದಲು ಚಿತ್ರದುರ್ಗಕ್ಕೆ ಸೇರಿತ್ತು, ಅದಕ್ಕೂ ಮೊದಲು ಹತ್ತಿ ಮಿಲ್ಲುಗಳ ಊರು, ಈಗ ಎಲ್ಲರಿಗೂ ಬೆಣ್ಣೆ ದೋಸೆಯ ಊರು. ಓದುವಾಗ ಮಂಡಿಪೇಟೆ, ಚೌಕಿಪೇಟೆ ಕಡೆ ನಾವು ಹೋಗುತ್ತಿದ್ದದ್ದು ಮಂಡಕ್ಕಿ ಮಿರ್ಚಿಗಾಗಿ ಮಾತ್ರ. ಆ ಬೀದಿಗಳಲ್ಲಿ ಹಳೆಯ ಮನೆಗಳು ಇದ್ದವು ಅನ್ನುವುದನ್ನೇ ಗಮನಿಸಿರಲಿಲ್ಲ. ಈಗ ಗಮನಿಸಬೇಕೆಂದು ಹೋದರೆ ಎಷ್ಟೋ ಮನೆಗಳು ಕಾಂಪ್ಲೆಕ್ಸ್ ಆಗಿಹೋಗಿವೆ.

ಮೊದಲು ಹೊಸ ಹಾರ್ಡ್‌ವೇರ್ ಅಂಗಡಿ ಹೊಕ್ಕೆ. ಕೌಂಟರಿನ ಹುಡುಗ ಕೇಳಿದ ಮೊದಲ ಪ್ರಶ್ನೆ: "ಅಣ್ಣಾ, ಹಿತ್ತಾಳೆ ಬೇಕೋ, ಹಿತ್ತಾಳೆ ಕಲರ್ ಬೇಕೋ?"

ಇಷ್ಟು ಪ್ರಾಮಾಣಿಕ ಪ್ರಶ್ನೆ ನಾನು ಯಾವ ಶಾಪಿಂಗ್ ಆ್ಯಪಿನಲ್ಲೂ ಕಂಡಿಲ್ಲ. 'ಆ್ಯಂಟಿಕ್ ಬ್ರಾಸ್' ಅಂತ ಬರೆದಿರುವುದರಲ್ಲಿ ಬಹುಪಾಲು ಕಬ್ಬಿಣಕ್ಕೋ ಸತುವಿನ ಮಿಶ್ರಲೋಹಕ್ಕೋ ಬಳಿದ ಬಣ್ಣ. ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ಅಂಟಿಕೊಂಡರೆ ಒಳಗೆ ಕಬ್ಬಿಣ. ಅಂಟದಿದ್ದರೂ ಹಿತ್ತಾಳೆ ಅಂತ ಗ್ಯಾರಂಟಿ ಇಲ್ಲ, ಸತುವೂ ಅಂಟುವುದಿಲ್ಲ. ಆಗ ಹಿಂಭಾಗದಲ್ಲಿ ಅರದಿಂದ ಒಂದು ಗೀರು ಎಳೆದು ನೋಡಬೇಕು. ಹಳದಿ ಕಂಡರೆ ಹಿತ್ತಾಳೆ, ಬೂದು ಬೆಳ್ಳಗೆ ಕಂಡರೆ ಸತು. ಅಂಗಡಿಯವರು ಗೀರಲು ಬಿಡುತ್ತಾರೋ ಇಲ್ಲವೋ ನಿಮ್ಮ ಮುಖ ನೋಡಿ ನಿರ್ಧಾರವಾಗುತ್ತದೆ.

ಅಲ್ಲಿ ಇನ್ನೊಂದು ಪಾಠವೂ ಆಯಿತು. ನಮ್ಮ ಹಳೇ ಹಿಡಿಕೆಯ ಹಿಂದಿನ ನಟ್ಟು ಒಂದು ಕಳೆದಿತ್ತು. 5 ಎಂಎಂ ನಟ್ಟು ಕೊಟ್ಟರು. ಎರಡು ಸುತ್ತು ಸಲೀಸಾಗಿ ಹೋಯಿತು, ಮೂರನೆಯದಕ್ಕೆ ಕಚ್ಚಿಕೊಂಡಿತು. ನಾನು ಒತ್ತಾಯ ಮಾಡಿ ತಿರುಗಿಸಲು ಹೋದಾಗ ಒಳಗೆ ಕೂತಿದ್ದ ಯಜಮಾನರು ಗದರಿದರು. "ಅದು ಒಂದೂವರೆ ಸೂತಿಂದು. ಎಂಎಂ ಹಾಕಿದ್ರೆ ಎಳೆ ತಿಂದುಹೋಗ್ತೈತಿ."

ಸೂತು ಅಂದರೆ ಇಂಚಿನ ಎಂಟನೇ ಒಂದು ಭಾಗ. ನಮ್ಮ ಬಡಗಿಗಳು, ಫಿಟ್ಟರ್‌ಗಳು ಇವತ್ತಿಗೂ ಮಾತಾಡುವುದು ಈ ಲೆಕ್ಕದಲ್ಲೇ. ಒಂದೂವರೆ ಸೂತು ಅಂದರೆ ಇಂಚಿನ 16ರಲ್ಲಿ 3 ಭಾಗ, 4.76 ಎಂಎಂ. 5 ಎಂಎಂಗೆ ಬಹಳ ಹತ್ತಿರ, ಅದಕ್ಕೇ ಮೊದಲೆರಡು ಸುತ್ತು ಮೋಸ ಮಾಡುತ್ತದೆ. ಆದರೆ ಎಳೆಗಳ ಅಂತರ ಬೇರೆ. ಹಳೆಯದರಲ್ಲಿ ಇಂಚಿಗೆ 24 ಎಳೆ, ಅಂದರೆ ಎಳೆಯಿಂದ ಎಳೆಗೆ 1.06 ಎಂಎಂ. ಎಂ5ರಲ್ಲಿ 0.8. ಎಳೆಯ ಕೋನವೂ ಬೇರೆ, ಹಳೆಯದರದ್ದು 55 ಡಿಗ್ರಿ, ಮೆಟ್ರಿಕ್‌ನದು 60. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ನಿಗದಿ ಮಾಡಿದ ಅಳತೆ ಕೊಕ್ಕನೂರಿನ ಬೀರುವಿನೊಳಗೆ ಕೂತಿತ್ತು. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದದ್ದು 1956ರಲ್ಲಿ. ತಾತ ಬೀರು ಮಾಡಿಸಿದ್ದು ಅದಾದ ಮೇಲೇ. ಕಾನೂನು ಬಂದ ಕೂಡಲೇ ತಿರುಪು ಬದಲಾಗುತ್ತದೆಯೇ? ಹಳೇ ಸಿಸ್ಟಮ್ಮಿನ ಜೊತೆ ಹೊಸ ಎಪಿಐ ಜೋಡಿಸುವ ಕೆಲಸ ಮಾಡುವ ನನಗೆ ಇದು ಹೊಸ ವಿಷಯವೇನಲ್ಲ.

ಒಂದೂವರೆ ಸೂತಿನ ನಟ್ಟು ಅದೇ ಅಂಗಡಿಯ ಕೆಳಗಿನ ಡಬ್ಬಿಯಲ್ಲಿ ಇತ್ತು. 2 ರೂಪಾಯಿ.

ಗುಜರಿಗಳಲ್ಲಿ ಅರ್ಧ ದಿನ ಕಳೆದೆ. ಕೆಡವಿದ ಮನೆಗಳ ಬಾಗಿಲು, ಕಿಟಕಿ ಸರಳು, ಚಿಲಕ, ಅಗಳಿ, ಕೊಂಡಿ, ತೊಟ್ಟಿಲಿನ ಸರಪಳಿ, ಎಲ್ಲ ರಾಶಿ ರಾಶಿ. ನನ್ನ ಅಂದಾಜಿಗೆ ಬೆಂಗಳೂರಿನ ಯಾವುದಾದರೂ ಶೋರೂಮಿನಲ್ಲಿ ಅವುಗಳಲ್ಲಿ ಒಂದೊಂದಕ್ಕೂ ಸಾವಿರದ ಮೇಲೆ ಬೆಲೆ ಹಾಕುತ್ತಾರೆ, ಇಲ್ಲಿ ತೂಕಕ್ಕೆ. ಹಿಡಿಕೆ ಸಿಗಲಿಲ್ಲ. ನಾಲ್ಕಾರು ಉಂಗುರ ಸಿಕ್ಕವು, ಆದರೆ ಒಂದೋ ದೊಡ್ಡ ಬಾಗಿಲಿನವು, ಇಲ್ಲಾ ಪಾತ್ರೆಯ ಕಿವಿಗಳು. ಬಿಜಾಗರಿ ಮಾತ್ರ ಸಿಕ್ಕಿತು. ಮೂರಿಂಚಿನದು, ದಪ್ಪ ಹಿತ್ತಾಳೆಯದು, ಒಂದಲ್ಲ ನಾಲ್ಕು. ತಿರುಪಿನ ತೂತುಗಳ ಜಾಗ ನಮ್ಮದಕ್ಕೆ ಸರಿಹೊಂದುತ್ತದೆಯೇ ಅಂತ ನೋಡಲು ನಾನು ಮನೆಯಲ್ಲೇ ಮುರಿದ ಬಿಜಾಗರಿಯನ್ನು ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆದುಕೊಂಡು ಬಂದಿದ್ದೆ. ಆ ದಿನ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅದು. ನಾಲ್ಕಕ್ಕೂ ಸೇರಿ 290 ರೂಪಾಯಿ.

ಅಂದಹಾಗೆ ಹಳೇ ಬಿಜಾಗರಿ ಮುರಿಯುವುದಕ್ಕೆ ಜೋತುಬೀಳುವುದೊಂದೇ ಕಾರಣವಲ್ಲ. ಎಲೆ ಹಿತ್ತಾಳೆಯದಾದರೂ ನಡುವಿನ ಕಡ್ಡಿ ಎಷ್ಟೋ ಸಲ ಕಬ್ಬಿಣದ್ದು. ಮಳೆಗಾಲದ ತೇವಕ್ಕೆ ಅದು ತುಕ್ಕು ಹಿಡಿದು ಉಬ್ಬುತ್ತದೆ, ಕೀಲು ಬಿಗಿಯಾಗುತ್ತದೆ, ಆಮೇಲೆ ಬಾಗಿಲು ಎಳೆದಾಗ ಹಿತ್ತಾಳೆ ಸೀಳುತ್ತದೆ. ವರ್ಷಕ್ಕೊಂದು ಹನಿ ಎಣ್ಣೆ ಬಿಟ್ಟಿದ್ದರೆ ನಮ್ಮದು ಇನ್ನೂ ಇರುತ್ತಿತ್ತು.

ಗುಜರಿಯವರೇ ಹೇಳಿದರು: "ಮಾಡಿಸೋದಾದ್ರೆ ಹರಿಹರಕ್ಕೆ ಹೋಗಿ. ಅಲ್ಲಿ ಕಿರ್ಲೋಸ್ಕರ್‌ನೋರು ಇದ್ದಾರೆ."

ಕಿರ್ಲೋಸ್ಕರ್ ಈಗಿಲ್ಲ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾದ ಲೇತ್ ಕಾರ್ಖಾನೆ. ಅದರ ಕಾಲೋನಿಗೆ ಯಂತ್ರಪುರ ಅಂತಲೇ ಹೆಸರು. ಅಲ್ಲಿಯ 'ಎಂಟರ್‌ಪ್ರೈಸ್', 'ಟರ್ನ್‌ಮಾಸ್ಟರ್' ಲೇತ್‌ಗಳನ್ನು ದೇಶದ ಯಾವ ಮೂಲೆಯ ವರ್ಕ್‌ಶಾಪಿನಲ್ಲೂ ನೋಡಬಹುದಿತ್ತು. ನಮ್ಮ ಕಾಲೇಜಿನ ಲ್ಯಾಬಿನಲ್ಲೂ ಒಂದಿತ್ತು. ನಾನು ಅದರ ಮೇಲೆ ಮಾಡಿದ ಒಂದೇ ಜಾಬ್‌ಗೆ 25ಕ್ಕೆ 11 ಅಂಕ ಬಂದಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಗುಜರಿಯವರು ಹೇಳಿದ 'ಕಿರ್ಲೋಸ್ಕರ್‌ನೋರು' ಅಂದರೆ ಅಲ್ಲಿ ಕೆಲಸ ಮಾಡಿದವರು.

ಅಂಥವರೊಬ್ಬರು ಭಾನುವಾರ ಬೆಳಿಗ್ಗೆ ಸಿಕ್ಕರು. ಎಪ್ಪತ್ತು ದಾಟಿದ ಟರ್ನರ್. ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ಹಸಿರು ಬಣ್ಣದ ಒಂದು ಹಳೇ ಲೇತ್, ಗೋಡೆಯ ತುಂಬ ಅರ, ಟ್ಯಾಪು, ಡೈ. ಪಂಪ್‌ಸೆಟ್ಟಿನ ಶಾಫ್ಟು, ಭತ್ತದ ಮಷಿನಿನ ಬುಷ್ಷು ಅವರ ದಿನನಿತ್ಯದ ಕೆಲಸ. ನನ್ನ ಎರಡು ಹಿಡಿಕೆಗಳನ್ನು ತಗೊಂಡು, ಕನ್ನಡಕ ಹಣೆಗೇರಿಸಿ, ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

"ಯಾರಿಗೆ ಇದು? ಅಂಗಡೀಲಿ ನೂರು ರೂಪಾಯಿಗೆ ಚಂದಂದು ಸಿಗ್ತೈತಲ್ಲ."

ಅಜ್ಜಿಯ ಕಥೆ ಹೇಳಿದೆ. ಕಿವಿ ಔಷಧದ ತನಕ ಹೇಳಿದೆ. ಅವರು ಏನೂ ಮಾತಾಡದೆ ವರ್ನಿಯರ್ ತೆಗೆದರು.

ಹಿಡಿಕೆಯಲ್ಲಿ ಮೂರು ಭಾಗ. ಹಿಂದಿನ ತಗಡು, ಅದರಿಂದ ಹೊರಗೆ ಚಾಚಿದ ಕಂಬ, ಕಂಬದ ಸೀಳಿನಲ್ಲಿ ಕೂತ ಉಂಗುರ. ಸೀಳಿನ ಬಾಯಿಗೆ ಅಡ್ಡಲಾಗಿ ಒಂದು ಪಿನ್, ಉಂಗುರ ಹೊರಬರದಂತೆ. ತಗಡು, ಕಂಬ ಕಷ್ಟವಿಲ್ಲ ಅಂದರು. ತಗಡನ್ನು ಕತ್ತರಿಸಿ ಅರದಲ್ಲಿ ಉಜ್ಜುವುದು, ಕಂಬವನ್ನು ಹಿತ್ತಾಳೆ ಸಲಾಕೆಯಿಂದ ಲೇತಿನಲ್ಲಿ ಕಡೆದು ಒಂದೂವರೆ ಸೂತಿನ ಡೈ ಹಾಕಿ ಎಳೆ ತೆಗೆಯುವುದು. ಡೈ ಇಲ್ಲದಿದ್ದರೆ ಲೇತಿನಲ್ಲೇ ತೆಗೆಯುತ್ತಿದ್ದೆ ಅಂತ ಹಲ್ಲಿನ ಚಕ್ರಗಳ ಪೆಟ್ಟಿಗೆ ತೋರಿಸಿದರು. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು 127 ಹಲ್ಲಿನದು. ಯಾಕೆ 127? ಇಂಚು ಅಂದರೆ 25.4 ಎಂಎಂ, ಅದನ್ನು ಐದರಿಂದ ಗುಣಿಸಿದರೆ ಪಾಯಿಂಟ್ ಹೋಗಿ 127. ಆ ಒಂದು ಚಕ್ರ ನಡುವೆ ಕೂರಿಸಿದರೆ ಇಂಚಿನ ಲೇತ್ ಮಿಲಿಮೀಟರಿನ ಎಳೆ ತೆಗೆಯುತ್ತದೆ, ಮಿಲಿಮೀಟರಿನದು ಇಂಚಿನದನ್ನು. ಕಾಲೇಜಿನಲ್ಲಿ ಇದನ್ನು ಓದಿರಲೇಬೇಕು, ನೆನಪಿರಲಿಲ್ಲ. ಶೆಡ್ಡಿನಲ್ಲಿ ನಿಂತು ಮೊಬೈಲಿನಲ್ಲಿ ಗುಣಿಸಿ ನೋಡಿದಾಗ ಅವರು ನಕ್ಕರು.

ಕಷ್ಟ ಇದ್ದದ್ದು ಉಂಗುರದ್ದು. ಅದು ಮೇಲೆ ಸಪೂರ, ಕೆಳಗೆ ದಪ್ಪ. ಸಲಾಕೆ ಬಗ್ಗಿಸಿದರೆ ಆ ರೂಪ ಬರುವುದಿಲ್ಲ, ಎರಕವೇ ಆಗಬೇಕು. "ಇದನ್ನೇ ಮರಳಲ್ಲಿ ಒತ್ತಿ ಎರಕ ಹೊಯ್ಯಬಹುದು. ಆದ್ರೆ ಸಣ್ಣದಾಗ್ತೈತಿ" ಅಂದರು. ಕರಗಿದ ಹಿತ್ತಾಳೆ ಆರುವಾಗ ನೂರಕ್ಕೆ ಒಂದೂವರೆ ಭಾಗದಷ್ಟು ಕುಗ್ಗುತ್ತದೆ. 40 ಎಂಎಂ ಉಂಗುರಕ್ಕೆ ಅರ್ಧ ಎಂಎಂಗಿಂತ ಹೆಚ್ಚು. ಮೇಲಿನಿಂದ ಉಜ್ಜಿ ನಯ ಮಾಡುವಾಗ ಇನ್ನಷ್ಟು ಹೋಗುತ್ತದೆ. ನನಗೆ ಅದೇನು ದೊಡ್ಡ ವಿಷಯ ಅನ್ನಿಸಿತು. "ನಿನ್ನ ಕಣ್ಣಿಗೆ ಅಲ್ಲಪ್ಪಾ, ಆಯಮ್ಮನ ಬೆರಳಿಗೆ ಗೊತ್ತಾಗ್ತೈತಿ. ಕಾರ್ಖಾನೇಲಿ ಪ್ಯಾಟರ್ನ್ ಮಾಡೋರು ಕುಗ್ಗೋದನ್ನ ಸೇರಿಸೇ ಮರದಲ್ಲಿ ಮಾಡ್ತಿದ್ರು. ಅವ್ರು ಯಾರೂ ಈಗಿಲ್ಲ."

ಅವರಿಲ್ಲದಿದ್ದರೇನು, ನನ್ನ ಫ್ಲಾಟ್‌ಮೇಟ್ ಬಳಿ ತ್ರೀಡಿ ಪ್ರಿಂಟರ್ ಇದೆ! ಇಡೀ ಪ್ರಯಾಣದಲ್ಲಿ ಮೊದಲ ಸಲ ನನ್ನ ಕಸುಬಿಗೂ ಒಂದು ಉಪಯೋಗ ಕಂಡಿತು. ಅಳತೆಗಳನ್ನೆಲ್ಲ ಹತ್ತಾರು ಕಡೆ ತೆಗೆದು ಬರೆದುಕೊಂಡೆ. ಅವರು ಹೇಳಿದ ಹಾಗೆ ಸವೆಯದ ಭಾಗದಲ್ಲಿ ತೆಗೆದೆ. ಉಂಗುರದ ಒಳಮೈ ಕೆಳಭಾಗದಲ್ಲಿ ಅಜ್ಜಿಯ ಬೆರಳು ತಾಗಿ ತಾಗಿ ಸುಮಾರು ಒಂದು ಎಂಎಂ ಸವೆದಿತ್ತು.

ಮಧ್ಯಾಹ್ನದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹರಿಹರೇಶ್ವರ ಗುಡಿಗೆ ಹೋದೆ. ಚಿಕ್ಕಂದಿನಿಂದ ಹೋಗುತ್ತಿದ್ದ ಗುಡಿಯೇ. ಅರ್ಧ ಶಿವ, ಅರ್ಧ ವಿಷ್ಣುವಿನ ಮೂರ್ತಿ ಬಿಟ್ಟು ಬೇರೇನನ್ನೂ ನೋಡಿದ ನೆನಪಿಲ್ಲ. ಈ ಸಲ ಮಂಟಪದ ಕಂಬಗಳ ಮುಂದೆ ನಿಂತುಬಿಟ್ಟೆ. ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1224ರಲ್ಲಿ, ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಕಂಬಗಳ ಮೈಮೇಲಿನ ಬಳೆಗಳು, ಗಂಟೆಯಂಥ ಉಬ್ಬು, ಕತ್ತಿನ ಹತ್ತಿರದ ಚೂಪು ಅಂಚು, ಎಲ್ಲ ಲೇತಿನಲ್ಲಿ ಕಡೆದವು. ಆ ಮೆತುಗಲ್ಲಿನ ಕಂಬವನ್ನು ತಿರುಗಿಸಿ ಉಳಿ ಹಿಡಿದಾಗ ಮೂಡಿದ ಗೆರೆಗಳು. ಕಿರ್ಲೋಸ್ಕರ್ ಬರುವುದಕ್ಕೆ 700 ವರ್ಷ ಮುಂಚೆ ಈ ಊರಿನಲ್ಲಿ ಯಾರೋ ಟರ್ನಿಂಗ್ ಮಾಡಿದ್ದಾರೆ, ಅವರಿಗೆ 25ಕ್ಕೆ 25. ಹೊರಗೆ ಬಂದರೆ ತುಂಗಭದ್ರೆ. 1868ರ ಹಳೇ ಕಲ್ಲು ಸೇತುವೆಯ ಕಮಾನುಗಳನ್ನು ನೋಡುತ್ತ ಮಂಡಕ್ಕಿ ತಿಂದೆ. ಕಮಾನು ಒಟ್ಟು 14 ಇವೆಯಂತೆ, ನಾನು 11ರ ತನಕ ಎಣಿಸಿ ತಪ್ಪಿದೆ.

ಬೆಂಗಳೂರಿಗೆ ಬಂದು ಮಾಡೆಲ್ ಬರೆದೆ, 101.5 ಪರ್ಸೆಂಟಿಗೆ ಹಿಗ್ಗಿಸಿದೆ, ಉಜ್ಜುವುದಕ್ಕೆಂದು ಮೈಮೇಲೆ ಕಾಲು ಎಂಎಂ ಹೆಚ್ಚು ಕೊಟ್ಟೆ. ಮೊದಲ ಪ್ರಿಂಟ್ ಪೂರ್ತಿ ಹಾಳು. ಎರಡನೆಯದರ ಮೇಲೆ ಪದರದ ಗೆರೆಗಳು ಎದ್ದು ಕಾಣುತ್ತಿದ್ದವು. ಪ್ಯಾಟರ್ನಿನ ಮೇಲೆ ಏನಿದೆಯೋ ಮರಳು ಅದನ್ನೆಲ್ಲ ಅಚ್ಚೊತ್ತಿಕೊಳ್ಳುತ್ತದೆ, ಹಾಗಾಗಿ ಎರಡು ಸಂಜೆ ಸ್ಟ್ಯಾಂಡ್-ಅಪ್ ಮೀಟಿಂಗ್‌ಗಳಲ್ಲಿ ಕ್ಯಾಮೆರಾ ಆಫ್ ಮಾಡಿಕೊಂಡು ಸ್ಯಾಂಡ್‌ಪೇಪರ್ ಉಜ್ಜಿದೆ. ಮ್ಯಾನೇಜರ್ ಒಮ್ಮೆ "ಆ ಕರಕರ ಸದ್ದು ಯಾರದು?" ಅಂದರು. ನಾನು ಮ್ಯೂಟ್ ಆದೆ.

ಎರಡನೇ ಸಲ ಹರಿಹರಕ್ಕೆ ಹೋದದ್ದು ದಸರೆಗೆ ಮುಂಚೆ. ಟರ್ನರ್ ನನ್ನನ್ನು ಎರಕದವರ ಹತ್ತಿರ ಕರೆದುಕೊಂಡು ಹೋದರು. ಎರಡು ಮರದ ಚೌಕಟ್ಟು, ಅದರಲ್ಲಿ ಕಪ್ಪಗಿನ ಹಸಿ ಮರಳು. ಕೈಯಲ್ಲಿ ಹಿಂಡಿದರೆ ಮುದ್ದೆಯಾಗಿ ನಿಲ್ಲಬೇಕು, ಮುರಿದರೆ ಅಂಚು ಉದುರಬಾರದು, ಅದೇ ಅವರ ಟೆಸ್ಟ್. ಪ್ಯಾಟರ್ನನ್ನು ಅರ್ಧ ಕೆಳಗಿನ ಚೌಕಟ್ಟಿನಲ್ಲಿ, ಅರ್ಧ ಮೇಲಿನದರಲ್ಲಿ ಮುಳುಗುವಂತೆ ಒತ್ತಿ, ಬೇರೆ ಮಾಡಿ, ತೆಗೆದರೆ ಉಂಗುರದ ಟೊಳ್ಳು. ಹೀಗೆ ಐದು ಟೊಳ್ಳು. ಮೂಸೆಯಲ್ಲಿ ಹಳೇ ನಲ್ಲಿಗಳು, ಗುಜರಿಯಿಂದ ಬಂದವು. ನಮ್ಮ ಕಳೆದ ಉಂಗುರಗಳೂ ಅದರಲ್ಲಿ ಇದ್ದರೆ ಅಂತ ಒಂದು ಕ್ಷಣ ಅನ್ನಿಸಿತು, ಹೇಳಲಿಲ್ಲ.

ಹಿತ್ತಾಳೆ ಕರಗುತ್ತಿದ್ದಂತೆ ಬೆಳ್ಳನೆ ಹೊಗೆ ಏಳುತ್ತದೆ. ಅದು ಒಳಗಿನ ಸತು ಹಾರಿಹೋಗುವುದು. ಸತು 907 ಡಿಗ್ರಿಗೆ ಕುದಿಯುತ್ತದೆ, ಹಿತ್ತಾಳೆ ಕರಗುವುದೂ ಹೆಚ್ಚುಕಡಿಮೆ ಅದೇ ಕಾವಿನಲ್ಲಿ. ವಿಡಿಯೋ ಮಾಡಲು ಹತ್ತಿರ ಬಗ್ಗಿದೆ. ಎರಕದವರು ಕೈ ಹಿಡಿದು ಹಿಂದಕ್ಕೆಳೆದರು. "ಆ ಹೊಗೆ ಕುಡೀಬೇಡ ತಮ್ಮಾ, ರಾತ್ರಿಗೆ ಚಳಿ ಜ್ವರ ಬರ್ತೈತಿ." ಗಾಳಿ ಬರುವ ಕಡೆ ನಿಂತು ನೋಡಿದೆ. ಹೊಯ್ದದ್ದು ಹತ್ತು ಸೆಕೆಂಡೂ ಇಲ್ಲ. ಐದರಲ್ಲಿ ಒಂದಕ್ಕೆ ಲೋಹ ಪೂರ್ತಿ ತಲುಪದೆ ಹಲ್ಲು ಬಿದ್ದ ಹಾಗೆ ಅರ್ಧಕ್ಕೇ ನಿಂತಿತ್ತು. ಒಂದರಲ್ಲಿ ಗುಳ್ಳೆ. ಮೂರು ಚೆನ್ನಾಗಿದ್ದವು. ಬೇಕಾದದ್ದು ಎರಡು.

ಟರ್ನರ್ ಶೆಡ್ಡಿನಲ್ಲಿ ಕಂಬಗಳು ತಯಾರಾಗಿದ್ದವು. ಉಂಗುರವನ್ನು ಅರದಲ್ಲಿ ನಯ ಮಾಡುತ್ತ ಅವರು ಕೇಳಿದರು, "ಸವೆಸಲೋ? ಹಳೇದರ ಹಂಗೆ ಒಳಗಡೆ ಸ್ವಲ್ಪ ತೆಗೀಲೋ?"

ನನಗೆ ಉತ್ತರ ಗೊತ್ತಿರಲಿಲ್ಲ. ಅಜ್ಜಿಗೆ ಫೋನ್ ಮಾಡಿದೆ. ಸ್ಪೀಕರಿನಲ್ಲಿ ಹಾಕಿದೆ. ವಿಷಯ ಅರ್ಥವಾಗಲು ಎರಡು ಸಲ ಹೇಳಬೇಕಾಯಿತು. ಆಮೇಲೆ ಅಂದಳು: "ಸವೆಸೋದೇನ್ ಬೇಡ, ಅದು ನಾನ್ ನೋಡ್ಕೋತೀನಿ. ಎರಡನೇದಕ್ಕೆ ಒಂದು ಗೀರು, ಮೂರನೇದಕ್ಕೆ ಎರಡು ಗೀರು ಹಾಕ್ಸು. ಹೆಬ್ಬೆಟ್ಟು ತಾಗೋ ಕಡೆ."

ಸೊಟ್ಟ, ಬಿಗಿ ಅಂತ ನಾನು ಬರೆದುಕೊಂಡು ಬಂದಿದ್ದ ನೋಟ್ಸ್ ಎಲ್ಲ ಬೇಡವಾಯಿತು. ಟರ್ನರ್ ಮುಕ್ಕೋನದ ಅರ ತಗೊಂಡರು. ಗೀರಿನ ಅಂಚು ಚರ್ಮಕ್ಕೆ ಹತ್ತಬಾರದು ಅಂತ ಆಮೇಲೆ ಕಾಗದದಲ್ಲಿ ಉಜ್ಜಿದರು. ತಮ್ಮದೇ ಕಣ್ಣು ಮುಚ್ಚಿಕೊಂಡು ಎರಡನ್ನೂ ಕೈಯಲ್ಲಿ ಅದಲು ಬದಲು ಮಾಡಿ, ಹೆಬ್ಬೆಟ್ಟಿನಿಂದ ಹೇಳಲು ನೋಡಿದರು. ಒಮ್ಮೆ ತಪ್ಪಾಯಿತು. ಎರಡು ಗೀರುಗಳ ನಡುವೆ ಜಾಗ ಸಾಲದು ಅಂತ ಒಂದನ್ನು ಇನ್ನಷ್ಟು ಆಚೆಗೆ ಅಗಲಿಸಿದರು.

ಎರಕಕ್ಕೆ 600, ಅವರ ಕೆಲಸಕ್ಕೆ 800. ಹೆಚ್ಚು ಕೊಡಲು ಹೋದೆ, ತಗೊಳ್ಳಲಿಲ್ಲ. ಉಳಿದ ಮೂರನೇ ಉಂಗುರವನ್ನು ತಾವೇ ಇಟ್ಟುಕೊಂಡರು, ಯಾವುದಕ್ಕೆ ಅಂತ ಹೇಳಲಿಲ್ಲ.

ಕೊಕ್ಕನೂರಿನಲ್ಲಿ ಕೂರಿಸುವ ಕೆಲಸ ನಮ್ಮೂರಿನ ಬಡಗಿಯದು, ನಾನು ಟಾರ್ಚ್ ಹಿಡಿದೆ. ಬಿಜಾಗರಿಯ ಹಳೇ ತೂತುಗಳು ದೊಡ್ಡದಾಗಿ ತಿರುಪು ನಿಲ್ಲುತ್ತಿರಲಿಲ್ಲ. ಆತ ದಪ್ಪ ತಿರುಪು ಹಾಕಲಿಲ್ಲ. ತೇಗದ ಸಣ್ಣ ಕಡ್ಡಿಗೆ ಅಂಟು ಸವರಿ ತೂತಿಗೆ ಬಡಿದು, ಒಣಗಿದ ಮೇಲೆ ಚಪ್ಪಟೆ ಮಾಡಿ, ಹೊಸದಾಗಿ ಸಣ್ಣ ತೂತು ಕೊರೆದ. ಮೊದಲು ಕಬ್ಬಿಣದ ತಿರುಪನ್ನು ಒಳಗೆ ಹೊಗಿಸಿ, ಅದನ್ನು ಬಿಚ್ಚಿ, ಆಮೇಲೆ ಅದೇ ದಾರಿಗೆ ಹಿತ್ತಾಳೆಯದನ್ನು ಸೋಪಿಗೆ ಒರೆಸಿ ತಿರುಗಿಸಿದ. ಹಿತ್ತಾಳೆ ಮೆತು, ತೇಗ ಗಟ್ಟಿ, ನೇರವಾಗಿ ಹಾಕಿದರೆ ತಲೆ ಕಿತ್ತುಬರುತ್ತದೆ. ಮೇ ತಿಂಗಳಲ್ಲಿ ನಾನು ಡ್ರಿಲ್ ಮಷಿನ್ ಹಿಡಿದು ಮೂರು ತಿರುಪಿನ ತಲೆ ಕಿತ್ತದ್ದು ಯಾಕೆ ಅಂತ ಆಗ ತಿಳಿಯಿತು. ಆ ಮೂರು ಇನ್ನೂ ಮರದೊಳಗೇ ಇವೆ. ಆತ ನೋಡಿದ, ಏನೂ ಅನ್ನಲಿಲ್ಲ, ಹೊಸ ತಗಡಿನ ಕೆಳಗೆ ಅವನ್ನು ಮುಚ್ಚಿದ.

ಹೊಸ ಉಂಗುರಗಳು ಹಳೆಯವುಗಳ ಪಕ್ಕ ವಿಪರೀತ ಹೊಳೆಯುತ್ತಿದ್ದವು. ಅಮೋನಿಯಾ ಹೊಗೆಯಲ್ಲಿಟ್ಟರೆ ಹಳೇ ಬಣ್ಣ ಬರುತ್ತದೆ ಅಂತ ನಾನು ಓದಿಕೊಂಡು ಬಂದಿದ್ದೆ. ಅಮ್ಮ ಬೇಡ ಅಂದಳು. ಹೊಳಪು ಇದ್ದರೆ ಅಜ್ಜಿಗೆ ಉಳಿದಿರುವ ಆ ಸಣ್ಣ ನೋಟಕ್ಕೂ ಸಿಗುತ್ತೆ ಅಂದಳು. ಅದು ನನಗೆ ಹೊಳೆದಿರಲಿಲ್ಲ.

ಅಜ್ಜಿಯನ್ನು ಕರೆದೆವು. ಬಂದು ಬಾಗಿಲು ತೆಗೆದಳು. ಬಾಗಿಲು ಉಜ್ಜದೆ ತೆರೆದದ್ದಕ್ಕೆ "ಹಗುರಾಗೈತೆ" ಅಂದಳು. ಮೊದಲನೇ ಉಂಗುರ ಮುಟ್ಟಿದಳು, ಕಿಣಿ ಅಂದಿತು. ಎರಡನೆಯದರ ಮೇಲೆ ಹೆಬ್ಬೆಟ್ಟು ಇಟ್ಟು ನಿಂತಳು. ಮೂರನೆಯದಕ್ಕೆ ಹೋದಳು, ಮತ್ತೆ ಎರಡಕ್ಕೆ ಬಂದಳು, ಮತ್ತೆ ಮೂರಕ್ಕೆ. ಆಮೇಲೆ ಮೂರನೇ ಡ್ರಾ ಎಳೆದು ಒಳಗಿದ್ದ ಬಾಟಲಿ ತೆಗೆದು, ಅದಕ್ಕೆ ಸುತ್ತಿದ್ದ ರಬ್ಬರ್ ಬ್ಯಾಂಡ್ ಬಿಚ್ಚಿ ಅಮ್ಮನ ಕೈಗೆ ಕೊಟ್ಟಳು.

"ಕೈ ತಗೊಂಬಾ" ಅಂದಳು.

ಅಮ್ಮ ದೇವರಮನೆಯ ಗೂಡಿನಿಂದ ಬೀಗದ ಕೈ ತಂದುಕೊಟ್ಟಳು. ಅಜ್ಜಿ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮನ್ನು ಆಚೆ ಹೋಗಿ ಅಂತ ಹೇಳಿ, ನಾವು ಇಷ್ಟು ದಿನ ನಾಲ್ಕು ಡ್ರಾಗಳಲ್ಲೂ ಏನೇನು ಕಲಸುಮೇಲೋಗರ ಮಾಡಿದ್ದೇವೆ ಅಂತ ಒಂದೊಂದಾಗಿ ಹೊರಗೆ ತೆಗೆಯಲು ಶುರುಮಾಡಿದಳು.